ಕಿವುಡು ಬೆಕ್ಕಿನ ಮರಿಯನ್ನು ಮನೆಗೆ ತರಬೇಕಾ? ಮೊದಲು ಮನೆಯ ಬಾಗಿಲು ನೋಡಿ

ಬಿಳಿ ಬಣ್ಣದ ಪುಟ್ಟ ಮರಿ, ನೀಲಿ ಕಣ್ಣು, ಎತ್ತಿಕೊಂಡರೆ ಕೆಳಗಿಡೋಕೆ ಮನಸ್ಸಿಲ್ಲ. ಅಷ್ಟರಲ್ಲಿ ಕೊಡುವವರು ಮೆಲ್ಲಗೆ ಒಂದು ಮಾತು ಸೇರಿಸುತ್ತಾರೆ, ಇದಕ್ಕೆ ಕಿವಿ ಕೇಳಿಸಲ್ಲ ಅಂತ. ಅಲ್ಲಿಂದ ಶುರು ತಲೆಬಿಸಿ. ಅರ್ಧ ಮನಸ್ಸು ಅಯ್ಯೋ ಪಾಪ ಅನ್ನುತ್ತೆ, ಇನ್ನರ್ಧ ಇದೆಲ್ಲ ನಮ್ಮ ಕೈಲಿ ಆಗುತ್ತಾ ಅನ್ನುತ್ತೆ.

ಪಾಪ ಅನ್ನೋದನ್ನು ಮೊದಲು ಬಿಟ್ಟುಬಿಡಿ. ಹುಟ್ಟಿನಿಂದ ಕಿವುಡಾದ ಮರಿಗೆ ಸದ್ದು ಅಂತ ಒಂದಿದೆ ಅನ್ನೋದೇ ಗೊತ್ತಿಲ್ಲ. ಅದಕ್ಕೆ ನೋವಿಲ್ಲ, ಕೊರಗಿಲ್ಲ, ಆಯಸ್ಸೂ ಕಮ್ಮಿಯಾಗುವುದಿಲ್ಲ. ಆಡುತ್ತೆ, ತಿನ್ನುತ್ತೆ, ಪರದೆ ಹತ್ತುತ್ತೆ, ಗುರುಗುಟ್ಟುತ್ತೆ. ಕಷ್ಟ ಇರುವುದು ಒಂದೇ ಕಡೆ. ಅಪಾಯ ಹತ್ತಿರ ಬಂದಾಗ ಅದಕ್ಕೆ ಗೊತ್ತಾಗುವುದಿಲ್ಲ, ನೀವು ಕೂಗಿದರೂ ಗೊತ್ತಾಗುವುದಿಲ್ಲ. ಹಾಗಾಗಿ ಈ ನಿರ್ಧಾರ ನಿಂತಿರುವುದು ನಿಮ್ಮ ಮನೆಯ ಬಾಗಿಲು, ಕಿಟಕಿ, ಮತ್ತು ಮನೆಯಲ್ಲಿ ಓಡಾಡುವ ಜನರ ಅಭ್ಯಾಸಗಳ ಮೇಲೆ. ಮರಿ ಹೇಗೋ ಹೊಂದಿಕೊಳ್ಳುತ್ತೆ, ಮನೆಯವರು ಹೊಂದಿಕೊಳ್ಳುತ್ತಾರಾ ಅನ್ನೋದೇ ಪ್ರಶ್ನೆ.

ಅದಕ್ಕೂ ಮೊದಲು ಇನ್ನೊಂದು ವಿಷಯ. ಮರಿ ನಿಜವಾಗಿಯೂ ಕಿವುಡಾ? ಎಷ್ಟೋ ಸಲ ಕೊಡುವವರಿಗೂ ಖಚಿತವಾಗಿ ಗೊತ್ತಿರುವುದಿಲ್ಲ. ಕರೆದರೆ ತಿರುಗಲಿಲ್ಲ, ಅದಕ್ಕೇ ಕಿವುಡು ಅಂತ ತೀರ್ಮಾನ ಮಾಡಿರುತ್ತಾರೆ. ಕರೆದಾಗ ತಿರುಗದೇ ಇರುವುದು ಬೆಕ್ಕಿನ ಜಾತಿಯ ಹುಟ್ಟುಗುಣ ಅಲ್ವಾ? ಇನ್ನು ಎದುರಿಗೆ ನಿಂತು ಚಪ್ಪಾಳೆ ತಟ್ಟಿದರೆ ಕಿವುಡು ಮರಿಯೂ ಬೆಚ್ಚುತ್ತದೆ. ಕೈ ಅಲುಗಿದ್ದು ಕಣ್ಣಿಗೆ ಕಂಡಿರುತ್ತೆ, ಗಾಳಿ ಮೀಸೆಗೆ ತಾಗಿರುತ್ತೆ. ಪಾತ್ರೆ ನೆಲಕ್ಕೆ ಬಿದ್ದರೆ ಅದರ ಅದುರು ಅಂಗಾಲಿಗೆ ಮುಟ್ಟುತ್ತೆ. ಇಂಥ ಪರೀಕ್ಷೆಗಳಿಂದ ಏನೂ ತಿಳಿಯುವುದಿಲ್ಲ.

ಸರಿಯಾಗಿ ನೋಡಬೇಕು ಅಂದರೆ ಮರಿ ನಿದ್ದೆಗೆ ಜಾರುವವರೆಗೂ ಕಾಯಿರಿ. ದಪ್ಪ ಹಾಸಿಗೆ ಅಥವಾ ಕಂಬಳಿಯ ಮೇಲೆ ಮಲಗಿದ್ದರೆ ಒಳ್ಳೆಯದು, ನೆಲದ ಅದುರು ತಾಗುವುದಿಲ್ಲ. ಅದರ ಬೆನ್ನ ಹಿಂದೆ ನಾಲ್ಕೈದು ಹೆಜ್ಜೆ ದೂರ ನಿಲ್ಲಿ, ನೆರಳು ಮೈಮೇಲೆ ಬೀಳದ ಹಾಗೆ. ಬೀಗದ ಕೈ ಗೊಂಚಲನ್ನು ಅಲ್ಲಾಡಿಸಿ, ಆಮೇಲೆ ಪ್ಲಾಸ್ಟಿಕ್ ಕವರ್ ಮುದುಡಿ. ಕಣ್ಣು ಕಿವಿಯ ಮೇಲಿರಲಿ. ಕೇಳಿಸುವ ಮರಿ ಏಳದೇ ಇರಬಹುದು, ಕಣ್ಣೂ ತೆರೆಯದೇ ಇರಬಹುದು, ಆದರೆ ಒಂದು ಕಿವಿಯ ತುದಿ ತಾನಾಗಿ ಸದ್ದಿನ ಕಡೆ ಹೊರಳುತ್ತದೆ. ಅದನ್ನು ತಡೆದುಕೊಳ್ಳುವುದು ಬೆಕ್ಕಿಗೆ ಕಷ್ಟ. ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಸದ್ದಿಗೆ, ಒಂದು ಸಲವೂ ಕಿವಿ ಅಲುಗಲಿಲ್ಲ ಅಂದರೆ ಅನುಮಾನ ಗಟ್ಟಿ. ಮನುಷ್ಯರಿಗೆ ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ ಕೇಳಿಸಿದರೆ ಬೆಕ್ಕಿಗೆ ಅದರ ಮೂರು ನಾಲ್ಕು ಪಟ್ಟು ಎತ್ತರದ ಸ್ವರವೂ ಕೇಳಿಸುತ್ತದೆ. ಹಾಗಾಗಿ ಬರೀ ನಮ್ಮ ದನಿ ಸಾಲದು, ಕೀರಲು ಸದ್ದು, ಪರಪರ ಸದ್ದು ಎಲ್ಲ ಮಾಡಿ ನೋಡಬೇಕು.

ವಯಸ್ಸೂ ಲೆಕ್ಕಕ್ಕೆ ಬರುತ್ತೆ. ಹುಟ್ಟಿದಾಗ ಎಲ್ಲ ಮರಿಗಳ ಕಿವಿಯೂ ಮುಚ್ಚಿರುತ್ತದೆ, ಒಂದೆರಡು ವಾರದಲ್ಲಿ ನಿಧಾನಕ್ಕೆ ತೆರೆದುಕೊಳ್ಳುತ್ತದೆ. ಆರು ವಾರಕ್ಕಿಂತ ಚಿಕ್ಕ ಮರಿಯ ಮೇಲೆ ನೀವು ಮಾಡುವ ಪರೀಕ್ಷೆಯನ್ನು ನಂಬಬೇಡಿ.

ಹಾಗೇ ಕಿವಿ ಕೇಳಿಸದಿದ್ದರೆ ಅದು ಹುಟ್ಟು ಕಿವುಡೇ ಆಗಿರಬೇಕಿಲ್ಲ. ಮರಿಗಳ ಕಿವಿಯೊಳಗೆ ಮೈಟ್ಸ್ ಅನ್ನುವ ತೀರಾ ಸಣ್ಣ ಹುಳ ಸೇರಿಕೊಳ್ಳುವುದು ಬಹಳ ಮಾಮೂಲು. ಕಿವಿ ತುಂಬ ಕಪ್ಪು ಪುಡಿಪುಡಿ ಕೊಳೆ, ಮರಿ ಸದಾ ಕೆರೆದುಕೊಳ್ಳುತ್ತೆ, ತಲೆ ಕೊಡವುತ್ತೆ. ಸೋಂಕು ಆಗಿರಬಹುದು, ಗುಗ್ಗೆ ಕಟ್ಟಿರಬಹುದು, ಕಿವಿಯೊಳಗೆ ಸಣ್ಣ ಗಂಟು ಬೆಳೆದಿರಬಹುದು. ಇವುಗಳಲ್ಲಿ ಎಷ್ಟೋ ಔಷಧಿಗೆ ಇಲ್ಲವೇ ಚಿಕ್ಕ ಶಸ್ತ್ರಚಿಕಿತ್ಸೆಗೆ ಸರಿಹೋಗುತ್ತವೆ. ಆದ್ದರಿಂದ ಟಾರ್ಚ್ ಹಿಡಿದು ಕಿವಿಯೊಳಗೆ ನೋಡುವ ಪಶುವೈದ್ಯರ ಹತ್ತಿರ ಒಮ್ಮೆ ಹೋಗಿ ಬನ್ನಿ. ಮನೆಯಲ್ಲಿರುವ ಔಷಧಿಯನ್ನು ನೀವೇ ಕಿವಿಗೆ ಹಾಕಬೇಡಿ. ಜೆಂಟಾಮೈಸಿನ್ ಗುಂಪಿನ ಕೆಲವು ಔಷಧಿಗಳು, ಗಾಯ ತೊಳೆಯುವ ಕ್ಲೋರ್‌ಹೆಕ್ಸಿಡಿನ್ ದ್ರಾವಣ ಇಂಥವು ಒಳಕಿವಿಗೆ ಇಳಿದರೆ ಇರುವ ಕಿವಿಯೂ ಹೋಗಬಹುದು. ಇನ್ನು ಮರಿ ತಲೆ ಒಂದು ಕಡೆಗೆ ವಾಲಿಸಿಕೊಂಡಿದ್ದರೆ ಅಥವಾ ಸುತ್ತುಸುತ್ತು ತಿರುಗುತ್ತಿದ್ದರೆ ಅದನ್ನು ಕಿವುಡಿನ ಲೆಕ್ಕಕ್ಕೆ ಹಾಕಿ ಸುಮ್ನಿರಬೇಡಿ. ಹುಟ್ಟು ಕಿವುಡು ಮರಿಗಳ ನಡಿಗೆ, ನೆಗೆತ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ವಾಲಿದರೆ ಅಲ್ಲಿ ಬೇರೆ ಕಾಯಿಲೆ ಇದೆ.

ಈಗ ಆ ನೀಲಿ ಕಣ್ಣಿನ ವಿಷಯ. ಬಿಳಿ ಬೆಕ್ಕು, ನೀಲಿ ಕಣ್ಣು, ಕಿವುಡು ಅನ್ನುವ ಜೋಡಣೆ ಹಳೆಯ ಕಾಲದಿಂದ ಜನಕ್ಕೆ ಗೊತ್ತು. ಚಾರ್ಲ್ಸ್ ಡಾರ್ವಿನ್ 1859ರಲ್ಲಿ ನೀಲಿ ಕಣ್ಣಿನ ಬೆಕ್ಕುಗಳು ತಪ್ಪದೇ ಕಿವುಡಾಗಿರುತ್ತವೆ ಅಂತ ಬರೆದು, ಆಮೇಲಿನ ಆವೃತ್ತಿಗಳಲ್ಲಿ ಅದನ್ನು ಪೂರ್ತಿ ಬಿಳಿ ಬೆಕ್ಕುಗಳಿಗೆ, ಅದೂ ಸಾಮಾನ್ಯವಾಗಿ ಅಂತ ತಿದ್ದಿಕೊಂಡರು. ಎರಡನೆಯದೇ ಸರಿ. ಪೂರ್ತಿ ಬಿಳಿ ಇದ್ದು ಎರಡೂ ಕಣ್ಣು ನೀಲಿ ಇರುವ ಬೆಕ್ಕುಗಳಲ್ಲಿ ಶೇಕಡಾ 65ರಿಂದ 85ರಷ್ಟು ಕಿವುಡಾಗಿರುತ್ತವೆ. ಒಂದೇ ಕಣ್ಣು ನೀಲಿ ಇದ್ದರೆ ಸುಮಾರು 40, ಆಗ ಸಾಮಾನ್ಯವಾಗಿ ನೀಲಿ ಕಣ್ಣಿರುವ ಕಡೆಯ ಕಿವಿಯೇ ಹೋಗಿರುತ್ತದೆ. ಬಿಳಿ ಬೆಕ್ಕಿಗೆ ಹಳದಿ ಅಥವಾ ಹಸಿರು ಕಣ್ಣಿದ್ದರೂ ಶೇಕಡಾ 17ರಿಂದ 22ರಷ್ಟು ಕಿವುಡು ಇದ್ದೇ ಇದೆ. ಅಂದರೆ ಕಣ್ಣಿನ ಬಣ್ಣ ನೋಡಿ ಅಂದಾಜು ಮಾಡಬಹುದು, ತೀರ್ಪು ಕೊಡುವ ಹಾಗಿಲ್ಲ.

ಬಣ್ಣಕ್ಕೂ ಕಿವಿಗೂ ಏನು ಸಂಬಂಧ? ಮೈಗೆ ಬಣ್ಣ ಕೊಡುವ ಜೀವಕೋಶಗಳಿಗೆ ಮೆಲನೋಸೈಟ್ ಅನ್ನುತ್ತಾರೆ. ಮರಿ ತಾಯಿಯ ಹೊಟ್ಟೆಯಲ್ಲಿ ಬೆಳೆಯುತ್ತಿರುವಾಗ ಇವು ಬೆನ್ನಿನ ಕಡೆಯಿಂದ ಹೊರಟು ಚರ್ಮಕ್ಕೆ, ಕಣ್ಣಿಗೆ, ಒಳಕಿವಿಗೆ ಹೋಗಿ ನೆಲೆಸಬೇಕು. ಕಿಟ್ ಅನ್ನುವ ಜೀನ್ ಈ ಪಯಣವನ್ನು ನೋಡಿಕೊಳ್ಳುತ್ತದೆ. ಪೂರ್ತಿ ಬಿಳಿ ಬೆಕ್ಕುಗಳಲ್ಲಿ ಈ ಜೀನ್‌ನೊಳಗೆ ಎಂದೋ ಸೇರಿಕೊಂಡ ಹಳೆಯ ವೈರಸ್ಸಿನ ತುಣುಕೊಂದು ಕೂತಿರುತ್ತದೆ, ಇದು ಗೊತ್ತಾಗಿದ್ದು 2014ರಲ್ಲಿ. ಅದರಿಂದ ಬಣ್ಣದ ಕೋಶಗಳು ತಲುಪಬೇಕಾದ ಕಡೆ ತಲುಪುವುದಿಲ್ಲ, ತಲುಪಿದರೂ ಉಳಿಯುವುದಿಲ್ಲ. ಚರ್ಮಕ್ಕೆ ಬಾರದಿದ್ದರೆ ಕೂದಲು ಬಿಳಿ. ಕಣ್ಣಿಗೆ ಬಾರದಿದ್ದರೆ ಕಣ್ಣು ನೀಲಿ. ಒಳಕಿವಿಯ ಶಂಖದಾಕಾರದ ಕೊಳವೆಗೆ ಬಾರದಿದ್ದರೆ ಮಾತ್ರ ಪೆಟ್ಟು ದೊಡ್ಡದು, ಯಾಕೆಂದರೆ ಅಲ್ಲಿ ಅವುಗಳ ಕೆಲಸ ಬಣ್ಣ ಹಚ್ಚುವುದಲ್ಲ. ಕೊಳವೆಯೊಳಗಿನ ದ್ರವದಲ್ಲಿ ಪೊಟ್ಯಾಸಿಯಂ ಮಟ್ಟ ಕಾಯುವ ಪದರದಲ್ಲಿ ಅವೂ ಇರಬೇಕು. ಅವು ಇಲ್ಲದಿದ್ದರೆ ಆ ಪದರ ಕುಗ್ಗಿಹೋಗುತ್ತದೆ, ಅದರ ಹಿಂದೆಯೇ ಸದ್ದನ್ನು ಗ್ರಹಿಸುವ ಕೋಶಗಳೂ ಸಾಯುತ್ತವೆ. ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ ಇದೆಲ್ಲ ಮುಗಿದಿರುತ್ತದೆ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಹಾಗಾಗಿ ಈ ಬಗೆಯ ಕಿವುಡಿಗೆ ಔಷಧಿ ಇಲ್ಲ, ಹಾಗೇ ಇದು ಮುಂದೆ ಬೇರೆ ಅಂಗಕ್ಕೆ ಹರಡುವ ರೋಗವೂ ಅಲ್ಲ.

ಸಯಾಮೀಸ್ ಬೆಕ್ಕಿಗೂ ನೀಲಿ ಕಣ್ಣಿದೆಯಲ್ಲ ಅಂತ ಕೇಳಬಹುದು. ಅದರ ಕಥೆ ಬೇರೆ. ಅಲ್ಲಿ ಬಣ್ಣದ ಕೋಶಗಳು ತಮ್ಮ ಜಾಗದಲ್ಲೇ ಇರುತ್ತವೆ, ಬಣ್ಣ ತಯಾರಿಸುವುದರಲ್ಲಿ ಮಾತ್ರ ಕೊರತೆ. ಅದಕ್ಕೆ ಅವುಗಳ ಕಿವಿಗೆ ತೊಂದರೆ ಇಲ್ಲ. ಇನ್ನೊಂದು, ಚಿಕ್ಕ ಮರಿಗಳ ಕಣ್ಣೆಲ್ಲ ಮೊದಲು ನೀಲಿಯೇ. ಆರೇಳು ವಾರದ ಮೇಲೆ ನಿಜವಾದ ಬಣ್ಣ ಬರಲು ಶುರು. ನಾಲ್ಕು ವಾರದ ಮರಿಯ ಕಣ್ಣು ನೋಡಿ ಯಾರಾದರೂ ಭವಿಷ್ಯ ಹೇಳಿದರೆ ನಕ್ಕು ಸುಮ್ಮನಾಗಿ.

ಖಚಿತವಾಗಿ ತಿಳಿಯಲು ಬೇರ್ ಅನ್ನುವ ಪರೀಕ್ಷೆ ಇದೆ. ತಲೆಯ ಚರ್ಮದಡಿ ಕೂದಲೆಳೆಯಂಥ ಸೂಜಿ ಇಟ್ಟು, ಒಂದೊಂದೇ ಕಿವಿಗೆ ಟಿಕ್‌ಟಿಕ್ ಸದ್ದು ಕೊಟ್ಟು, ಮಿದುಳಿನ ಬುಡ ಅದಕ್ಕೆ ಪ್ರತಿಕ್ರಿಯಿಸುತ್ತದಾ ಅಂತ ಕಂಪ್ಯೂಟರಿನಲ್ಲಿ ನೋಡುತ್ತಾರೆ. ಎಲ್ಲ ಪಶು ಆಸ್ಪತ್ರೆಗಳಲ್ಲೂ ಸಿಗುವುದಿಲ್ಲ. ಒಂದೇ ಕಿವಿ ಕೇಳಿಸದ ಮರಿಯನ್ನು ಪತ್ತೆ ಹಚ್ಚಲು ಇದೊಂದೇ ದಾರಿ, ಏಕೆಂದರೆ ಅದು ನಿಮ್ಮ ಬೀಗದ ಕೈ ಸದ್ದಿಗೆ ಎಚ್ಚರವಾಗುತ್ತದೆ, ಸದ್ದು ಎಲ್ಲಿಂದ ಬಂತು ಅಂತ ಮಾತ್ರ ತಬ್ಬಿಬ್ಬಾಗುತ್ತದೆ. ಸಾಕುವ ಉದ್ದೇಶಕ್ಕೆ ಈ ಪರೀಕ್ಷೆ ಕಡ್ಡಾಯ ಅಂತ ನನಗೆ ಅನ್ನಿಸುವುದಿಲ್ಲ. ಅನುಮಾನ ಇದ್ದರೆ ಕಿವುಡು ಅಂತಲೇ ತಿಳಿದು ನಡೆದುಕೊಳ್ಳಿ, ಕೇಳಿಸಿದರೆ ನಷ್ಟವೇನೂ ಇಲ್ಲ.

ಸರಿ, ಮರಿ ಮನೆಗೆ ಬಂತು ಅಂದುಕೊಳ್ಳಿ. ಏನೇನು ಬೇರೆ ಇರುತ್ತೆ?

ಮೊದಲನೆಯದು ಗಲಾಟೆ. ತನ್ನ ದನಿ ತನಗೇ ಕೇಳಿಸದ ಕಾರಣ ಎಷ್ಟು ಜೋರಾಗಿ ಕೂಗುತ್ತಿದ್ದೇನೆ ಅಂತ ಅದಕ್ಕೆ ಅಂದಾಜಿಲ್ಲ. ಕೆಲವು ಕಿವುಡು ಬೆಕ್ಕುಗಳು ಮಿಯಾಂವ್ ಅನ್ನುವುದಿಲ್ಲ, ಅರಚುತ್ತವೆ. ಅದರಲ್ಲೂ ರಾತ್ರಿ, ದೀಪ ಆರಿ ಎಲ್ಲರೂ ಕಣ್ಣಿಗೆ ಮರೆಯಾದಾಗ. ಬೇರೆ ಬೆಕ್ಕಿಗೆ ಪಕ್ಕದ ಕೋಣೆಯಿಂದ ನಿಮ್ಮ ಗೊರಕೆ ಕೇಳಿಸಿದರೂ ಸಮಾಧಾನ, ಇದಕ್ಕೆ ಆ ಸಮಾಧಾನ ಇಲ್ಲ. ಒಂದು ಸಣ್ಣ ದೀಪ ಉರಿಯಲು ಬಿಡುವುದು, ಮಲಗುವ ಮುಂಚೆ ಚೆನ್ನಾಗಿ ಆಡಿಸಿ ಹೊಟ್ಟೆ ತುಂಬಿಸುವುದು, ನಿಮ್ಮ ಕೋಣೆಯಲ್ಲೇ ಮಲಗಲು ಬಿಡುವುದು, ಇವು ಕೆಲಸ ಮಾಡುತ್ತವೆ. ಪೂರ್ತಿ ನಿಲ್ಲುತ್ತದೆ ಅಂತ ಹೇಳಲಾರೆ. ಗೋಡೆ ತೆಳ್ಳಗಿರುವ ಮನೆ, ಸಿಡುಕುವ ಅಕ್ಕಪಕ್ಕದವರು, ಸಣ್ಣ ಸದ್ದಿಗೂ ನಿದ್ದೆ ಕೆಡುವ ಜನ ಇದ್ದರೆ ಇದನ್ನು ತಮಾಷೆ ಅಂತ ತಳ್ಳಿಹಾಕಬೇಡಿ. ಇದೇ ಕಾರಣಕ್ಕೆ ಬೆಕ್ಕನ್ನು ವಾಪಸ್ ಕೊಡುವ ಸ್ಥಿತಿ ಬರಬಾರದು.

ಎರಡನೆಯದು ಕಚ್ಚುವುದು. ಮರಿಗಳು ಒಂದರ ಮೇಲೊಂದು ಬಿದ್ದು ಆಡುವಾಗ ಒಬ್ಬ ಜಾಸ್ತಿ ಕಚ್ಚಿದರೆ ಇನ್ನೊಬ್ಬ ಕಿರುಚುತ್ತಾನೆ, ಕಚ್ಚಿದವನು ಸಡಿಲ ಬಿಡುತ್ತಾನೆ. ಎಷ್ಟು ಕಚ್ಚಿದರೆ ನೋವಾಗುತ್ತೆ ಅನ್ನುವ ಪಾಠ ಹೀಗೇ ಕಲಿಯುವುದು. ಕಿವುಡು ಮರಿಗೆ ಆ ಕಿರುಚಾಟ ತಲುಪುವುದಿಲ್ಲ. ಆದರೆ ಆಟ ನಿಂತಿದ್ದು ಕಣ್ಣಿಗೆ ಕಾಣುತ್ತೆ, ಜೊತೆಗಾರ ತಿರುಗಿಸಿ ಒದ್ದರೆ ಮೈಗೂ ತಿಳಿಯುತ್ತೆ. ಅದಕ್ಕೇ ಇಂಥ ಮರಿಯನ್ನು ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆ ಮೂರು ತಿಂಗಳಾದರೂ ಬಿಟ್ಟಿದ್ದರೆ ನಿಮ್ಮ ಕೈಗೆ ಗೀರು ಕಡಿಮೆ. ನಿಮ್ಮ ಬಳಿ ಬಂದ ಮೇಲೆ ಕಚ್ಚಿದಾಗ ಅಯ್ಯೋ ಅಂತ ಕೂಗಿ ಪ್ರಯೋಜನ ಇಲ್ಲ. ಕೈ ಎಳೆದುಕೊಂಡರೆ ಇನ್ನೂ ಹುರುಪು ಬರುತ್ತೆ. ಕೈಯನ್ನು ಅಲುಗಿಸದೇ ಬಿಟ್ಟು, ಅದು ಬಿಟ್ಟ ತಕ್ಷಣ ಎದ್ದು ಬೆನ್ನು ತಿರುಗಿಸಿ ಕೂತುಬಿಡಿ. ಆಟ ಮುಗಿಯಿತು ಅಂತ ಅದಕ್ಕೆ ಅರ್ಥವಾಗುವುದು ಹೀಗೆ. ಬೆರಳನ್ನು ಆಟದ ಸಾಮಾನಾಗಿ ಕೊಡಲೇಬೇಡಿ, ಕೋಲಿಗೆ ಕಟ್ಟಿದ ದಾರವೋ ಗರಿಯೋ ಇರಲಿ.

ಮಲಗಿದ್ದಾಗ ಹಿಂದಿನಿಂದ ಹೋಗಿ ಎತ್ತಿಕೊಂಡರೆ ಹೌಹಾರುತ್ತೆ. ಹೆದರಿದ ಬೆಕ್ಕು ಮೊದಲು ಉಗುರು ಹಾಕುತ್ತೆ, ಆಮೇಲೆ ಯಾರು ಅಂತ ನೋಡುತ್ತೆ. ಅದಕ್ಕೆ ಮೊದಲು ಮಲಗಿದ ಹಾಸಿಗೆಯ ಅಂಚನ್ನು ಒತ್ತಿ, ಇಲ್ಲವೇ ಮೂಗಿನ ಹತ್ತಿರ ಕೈ ಹಿಡಿದು ವಾಸನೆ ತಲುಪಲು ಬಿಡಿ. ಮರದ ನೆಲವಾದರೆ ಹೆಜ್ಜೆ ಊರಿ ನಡೆದರೆ ಸಾಕು, ಕಲ್ಲಿನ ಅಥವಾ ಕಾಂಕ್ರೀಟ್ ನೆಲದಲ್ಲಿ ಅದುರು ಅಷ್ಟಾಗಿ ಸಾಗುವುದಿಲ್ಲ. ತುಂಬ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಈ ಒಂದು ನಿಯಮ ಪಾಲಿಸುವುದೇ ದೊಡ್ಡ ಕೆಲಸ. ಐದಾರು ವರ್ಷದ ಮಕ್ಕಳು ಕಲಿಯುತ್ತಾರೆ, ದೊಡ್ಡವರಿಗಿಂತ ಬೇಗ ಕಲಿಯುತ್ತಾರೆ ಕೂಡ. ಎರಡು ವರ್ಷದ ಮಗುವಿಗೆ ಹೇಳಿ ಫಲವಿಲ್ಲ.

ಅಂದಹಾಗೆ ಲಾಭವೂ ಇದೆ. ಸಿಡಿಲು, ಮಿಕ್ಸಿ, ಕಾಲಿಂಗ್ ಬೆಲ್ ಯಾವುದಕ್ಕೂ ಮಂಚದಡಿ ಓಡುವುದಿಲ್ಲ. ನಾನು ಕಂಡ ಒಂದು ಬಿಳಿ ಬೆಕ್ಕು ವ್ಯಾಕ್ಯೂಮ್ ಕ್ಲೀನರ್ ಓಡುತ್ತಿರುವಾಗ ಅದರ ಬಿಸಿಗಾಳಿ ಬರುವ ಜಾಗ ಹುಡುಕಿಕೊಂಡು ಹೋಗಿ ಹೊಟ್ಟೆ ಮೇಲೆ ಮಾಡಿ ಮಲಗುತ್ತಿತ್ತು. ಮನೆ ಗುಡಿಸಬೇಕಾದರೆ ಅದನ್ನು ಎತ್ತಿ ಪಕ್ಕಕ್ಕೆ ಇಡಬೇಕಿತ್ತು.

ಆ ನಿರ್ಭಯವೇ ಬಾಗಿಲ ಹೊರಗೆ ಕುತ್ತಾಗುವುದು. ಎಂಜಿನ್ ಸದ್ದು ಕೇಳಿಸದ ಬೆಕ್ಕು ರಸ್ತೆ ಮಧ್ಯೆ ಕೂತು ಪಂಜ ನೆಕ್ಕುತ್ತಿರುತ್ತದೆ. ನಿಂತ ಕಾರಿನಡಿ ಮಲಗಿದ್ದರೆ ಅದು ಹೊರಟಿದ್ದು ಗೊತ್ತಾಗುವುದು ತಡವಾಗಿ. ಹಿಂದಿನಿಂದ ನಾಯಿ ಬಂದರೂ ಅಷ್ಟೇ. ಕೇಳಿಸುವ ಬೆಕ್ಕು ಹೊರಗೆ ನುಸುಳಿದರೆ ಊಟದ ಡಬ್ಬಿ ಅಲ್ಲಾಡಿಸಿ ವಾಪಸ್ ಕರೆಯಬಹುದು, ಇದನ್ನು ಕರೆಯಲಾಗುವುದಿಲ್ಲ. ಹುಡುಕಬೇಕು, ಅಷ್ಟೇ. ಆದ್ದರಿಂದ ಕಿವುಡು ಬೆಕ್ಕು ಒಳಗೇ ಇರುವ ಬೆಕ್ಕು. ಈ ಮಾತಿನಲ್ಲಿ ರಾಜಿ ಇಲ್ಲ. ನಮ್ಮ ಓಣಿ ಶಾಂತವಾಗಿದೆ, ಹಗಲು ಹೊತ್ತು ಸ್ವಲ್ಪ ಬಿಟ್ಟರೆ ಏನಾಗುತ್ತೆ ಅನ್ನುವವರು ಬೇರೆ ಮರಿ ತೆಗೆದುಕೊಳ್ಳುವುದು ಒಳ್ಳೆಯದು.

ಈಗ ನಿಮ್ಮ ಮನೆಯನ್ನು ಒಮ್ಮೆ ಕಣ್ಣೆದುರು ತಂದುಕೊಳ್ಳಿ. ಮುಂಬಾಗಿಲು ದಿನದಲ್ಲಿ ಎಷ್ಟು ಹೊತ್ತು ತೆರೆದಿರುತ್ತೆ? ಬಾಗಿಲು ತೆರೆದಿಟ್ಟು ಚಪ್ಪಲಿ ಹಾಕಿಕೊಳ್ಳುತ್ತಾ ಮಾತಾಡುತ್ತಾ ನಿಲ್ಲುವ ಅಭ್ಯಾಸ ಯಾರಿಗಿದೆ? ಕಿಟಕಿಗಳಿಗೆ ಜಾಲರಿ ಇದೆಯಾ, ಮರಿ ತಲೆ ತೂರಿಸಿದರೆ ಕಿತ್ತು ಬರುವಂಥದ್ದಾ? ಬಾಲ್ಕನಿ ತೆರೆದಿದೆಯಾ? ಕೆಲಸಕ್ಕೆ ಬರುವವರು, ಸಾಮಾನು ತಂದುಕೊಡುವವರು, ಹೇಳದೆ ಬರುವ ನೆಂಟರು ಎಲ್ಲರಿಗೂ ಬೆಕ್ಕಿದೆ ಬಾಗಿಲು ಹಾಕಿ ಅಂತ ಹೇಳಿ ಹೇಳಿ ನಿಮಗೆ ಬೇಸರ ಬರುವುದಿಲ್ಲವಾ? ಬಾಗಿಲಿಗೂ ಹಾಲ್‌ಗೂ ನಡುವೆ ಇನ್ನೊಂದು ಬಾಗಿಲು ಇದ್ದರೆ ಅರ್ಧ ಚಿಂತೆ ಕಳೆಯಿತು. ಇಲ್ಲದಿದ್ದರೆ ಒಂದು ಜಾಲರಿ ಬಾಗಿಲು ಹಾಕಿಸಿಕೊಳ್ಳುವ ಮನಸ್ಸಿದೆಯಾ ನೋಡಿ. ಒಳಗೂ ಒಂದಿಷ್ಟು ಎಚ್ಚರ ಬೇಕು. ವಾಷಿಂಗ್ ಮಷೀನ್ ಶುರು ಮಾಡುವ ಮೊದಲು ಒಳಗೆ ಕೈ ಹಾಕಿ ನೋಡುವುದು, ಬೀರು ಮುಚ್ಚುವ ಮೊದಲು ಬಟ್ಟೆಯ ಮಧ್ಯೆ ನೋಡುವುದು, ಮಡಚುವ ಕುರ್ಚಿ ಮಡಚುವ ಮೊದಲು ಕೆಳಗೆ ಬಗ್ಗಿ ನೋಡುವುದು. ಕಾಲಿನ ಸದ್ದು ಕೇಳಿ ದಾರಿ ಬಿಡುವ ಬೆಕ್ಕಲ್ಲ ಇದು, ನೀವು ಹಿಂದೆ ಸರಿದಾಗ ಕಾಲಡಿಗೇ ಸಿಗುತ್ತೆ.

ಕೊರಳಪಟ್ಟಿಗೆ ಒಂದು ಗೆಜ್ಜೆ ಕಟ್ಟಿ. ಅದಕ್ಕೆ ಕಿರಿಕಿರಿ ಇಲ್ಲ, ಎಲ್ಲಿದೆ ಅಂತ ನಿಮಗೆ ಗೊತ್ತಾಗುತ್ತೆ. ಎಲ್ಲಾದರೂ ಸಿಕ್ಕಿಕೊಂಡರೆ ತಾನೇ ಬಿಚ್ಚಿಕೊಳ್ಳುವ ಪಟ್ಟಿಯೇ ಇರಬೇಕು. ಅದರ ಮೇಲೆ ಫೋನ್ ನಂಬರ್ ಜೊತೆ ಕಿವಿ ಕೇಳಿಸುವುದಿಲ್ಲ ಅಂತ ಬರೆಸಿ. ಪಟ್ಟಿ ಬಿದ್ದುಹೋದರೂ ಇರಲಿ ಅಂತ ಮೈಕ್ರೋಚಿಪ್ ಹಾಕಿಸಿ. ತಪ್ಪಿಸಿಕೊಂಡರೆ ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹುಡುಕಿ, ಕಣ್ಣು ಹೊಳೆಯುತ್ತೆ. ಟಾರ್ಚ್ ಮಿನುಗಿಸಿದರೆ ತಿಂಡಿ ಅಂತ ಮನೆಯಲ್ಲೇ ಮೊದಲೇ ಕಲಿಸಿದ್ದರೆ ಅದೇ ಬೆಳಕಿಗೆ ಬರಲೂಬಹುದು.

ಕಲಿಸುವುದು ಅಂದೆ, ಅದು ಕಷ್ಟವೇನಲ್ಲ. ಕಿವುಡು ಬೆಕ್ಕು ನಿಮ್ಮ ಮುಖ, ಕೈ ನೋಡುತ್ತಲೇ ಇರುತ್ತೆ. ತಟ್ಟೆ ಇಡುವ ಮೊದಲು ಪ್ರತಿ ಸಲ ಐದು ಬೆರಳು ಕೂಡಿಸಿ ಬಾಯಿಗೆ ತಂದು ತೋರಿಸಿ, ಸ್ವಲ್ಪ ದಿನದಲ್ಲಿ ಆ ಸನ್ನೆ ಕಂಡರೆ ಓಡಿ ಬರುತ್ತೆ. ಬಾ ಅನ್ನಲು ಒಂದು ಸನ್ನೆ, ಬೇಡ ಅನ್ನಲು ಒಂದು ಸನ್ನೆ, ಕೋಣೆಗೆ ಬಂದೆ ಅನ್ನಲು ದೀಪವನ್ನು ಒಮ್ಮೆ ಆರಿಸಿ ಹಾಕುವುದು. ಎಡವಟ್ಟಾಗುವುದು ಒಂದೇ ಕಡೆ, ಒಬ್ಬೊಬ್ಬರು ಒಂದೊಂದು ಸನ್ನೆ ಮಾಡಿದಾಗ. ಬೇಡ ಅನ್ನುವ ಸನ್ನೆ ಹೊಡೆಯಲು ಎತ್ತಿದ ಕೈ ಥರ ಕಾಣಬಾರದು, ಆಮೇಲೆ ನಿಮ್ಮ ಕೈ ಕಂಡರೇ ಹೆದರುತ್ತೆ. ಅದುರುವ ಕೊರಳಪಟ್ಟಿಗಳೂ ಸಿಗುತ್ತವೆ, ಹೆಚ್ಚಿನ ಮನೆಗಳಿಗೆ ಬೇಕಾಗುವುದಿಲ್ಲ. ಶಾಕ್ ಕೊಡುವಂಥದ್ದನ್ನು ಮುಟ್ಟಲೇಬೇಡಿ.

ಮನೆಯಲ್ಲಿ ಈಗಾಗಲೇ ಸಮಾಧಾನದ ಸ್ವಭಾವದ ಬೆಕ್ಕಿದ್ದರೆ ಅದೃಷ್ಟ. ಅದು ತಲೆ ಎತ್ತಿ ಬಾಗಿಲ ಕಡೆ ನೋಡಿದರೆ ಇದೂ ನೋಡುತ್ತೆ, ಅದು ಅಡುಗೆಮನೆಗೆ ಓಡಿದರೆ ಇದೂ ಓಡುತ್ತೆ. ಆದರೆ ಗುರ್ ಅಂದು ಎಚ್ಚರಿಸಿದ್ದು ಕೇಳಿಸದ ಕಾರಣ ಮೊದಮೊದಲು ಒಂದೆರಡು ಏಟು ತಿನ್ನುತ್ತೆ. ಬೊಗಳಿ ಅಟ್ಟಿಸಿಕೊಂಡು ಹೋಗುವ ನಾಯಿ ಇರುವ ಮನೆಗೆ ನಾನಂತೂ ಇಂಥ ಮರಿ ಕೊಡುವುದಿಲ್ಲ.

ಬಿಳಿ ಬೆಕ್ಕಾದರೆ ಕಿವಿಗೆ ಸಂಬಂಧಿಸಿದ ಇನ್ನೊಂದು ಮಾತಿದೆ, ಬಹಳ ಜನ ಮರೆಯುತ್ತಾರೆ. ಕಿವಿಯ ತುದಿ ಮತ್ತು ಮೂಗಿನ ಮೇಲೆ ಬಣ್ಣವೂ ಇಲ್ಲ, ಕೂದಲೂ ಕಡಿಮೆ. ವರ್ಷಗಟ್ಟಲೆ ಬಿಸಿಲು ಕಾಯಿಸಿದರೆ ಅಲ್ಲಿ ಚರ್ಮದ ಕ್ಯಾನ್ಸರ್ ಬರಬಹುದು. ಕಿವಿಯ ತುದಿ ಕೆಂಪಾಗಿ, ಹೊಪ್ಪಳೆ ಕಟ್ಟಿ, ಮಾಯದೇ ಇದ್ದರೆ ತಡ ಮಾಡದೆ ತೋರಿಸಿ. ಮನುಷ್ಯರ ಸನ್‌ಸ್ಕ್ರೀನ್ ಹಚ್ಚಬೇಡಿ, ಅದರಲ್ಲಿರುವ ಝಿಂಕ್ ಆಕ್ಸೈಡ್, ಸ್ಯಾಲಿಸಿಲೇಟ್‌ಗಳನ್ನು ನೆಕ್ಕಿದರೆ ಬೆಕ್ಕಿಗೆ ವಿಷ. ಮಧ್ಯಾಹ್ನದ ಬಿಸಿಲು ಬೀಳುವ ಕಿಟಕಿಗೆ ಪರದೆ ಎಳೆಯುವುದೇ ಸುಲಭ. ಮತ್ತೆ ಈ ಬಿಳಿ ಬಣ್ಣದ ಜೀನ್ ತಂದೆತಾಯಿಯಲ್ಲಿ ಒಬ್ಬರಿಂದ ಬಂದರೂ ಸಾಕು ಅನ್ನುವ ಬಗೆಯದು, ಹಾಗಾಗಿ ಮರಿ ಹಾಕಿಸುವ ಯೋಚನೆ ಬೇಡವೇ ಬೇಡ. ವಯಸ್ಸಿಗೆ ಬರುವ ಮೊದಲೇ ಆಪರೇಷನ್ ಮಾಡಿಸಿ. ಹೊರಗೆ ಓಡುವ ಚಪಲವೂ ಅದರಿಂದ ತಗ್ಗುತ್ತೆ.

ಇಷ್ಟೆಲ್ಲ ಓದಿ ಇನ್ನೂ ಮನಸ್ಸು ಆ ಮರಿಯ ಕಡೆಗೇ ಇದ್ದರೆ, ಈಗ ಅದನ್ನು ನೋಡಿಕೊಳ್ಳುತ್ತಿರುವವರನ್ನು ಒಂದಷ್ಟು ಕೇಳಿ. ರಾತ್ರಿ ಹೇಗಿರುತ್ತೆ? ಎತ್ತಿಕೊಂಡರೆ ಹೇಗೆ? ಬೇರೆ ಬೆಕ್ಕುಗಳ ಜೊತೆ ಇತ್ತಾ? ಕಿವಿಯನ್ನು ವೈದ್ಯರು ನೋಡಿದ್ದಾರಾ? ಸರಿಹೋಗದಿದ್ದರೆ ವಾಪಸ್ ತೆಗೆದುಕೊಳ್ಳುತ್ತೀರಾ? ಕೊನೆಯ ಪ್ರಶ್ನೆಗೆ ಮುಜುಗರ ಪಡಬೇಡಿ, ಹೌದು ಅನ್ನುವವರಿಂದ ತರುವುದು ಮರಿಗೂ ಒಳ್ಳೆಯದು. ಕೆಲವರು ಕೆಲವು ವಾರ ಇಟ್ಟುಕೊಂಡು ನೋಡಲು ಬಿಡುತ್ತಾರೆ. ಸಿಕ್ಕರೆ ಅದನ್ನೇ ಮಾಡಿ, ಮನೆಯವರೆಲ್ಲ ಇರುವ ದಿನಗಳಲ್ಲಿ. ಮರಿ ಬಂದ ಮೊದಲ ದಿನಗಳಲ್ಲಿ ಇಡೀ ಮನೆ ಬಿಟ್ಟುಕೊಡದೆ ಒಂದು ಕೋಣೆಯಲ್ಲಿಡಿ. ನೀರು, ಊಟ, ಲಿಟರ್ ಟ್ರೇ, ಬಚ್ಚಿಟ್ಟುಕೊಳ್ಳಲು ಒಂದು ರಟ್ಟಿನ ಪೆಟ್ಟಿಗೆ ಅಲ್ಲೇ ಇರಲಿ. ಪೆಟ್ಟಿಗೆಯ ಬಾಯಿ ಮಾತ್ರ ಕೋಣೆಯ ಬಾಗಿಲ ಕಡೆಗೆ ತಿರುಗಿರಲಿ, ಒಳಗೆ ಬರುವವರು ಯಾರು ಅಂತ ಅದಕ್ಕೆ ಕಾಣಬೇಕು.